ಪದ್ದಣ್ಣ ಕೊಯ್ದ ಮೂವತ್ತೆಂಟು ತೆನೆ

ನಾವುಂದದ ಹೊಳೆಬದಿಯ ಗದ್ದೆಗಳಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಹೆದ್ದಾರಿಯ ಕಡೆಯಿಂದ ಬೈಂದೂರಿಗೆ ಹೋಗುವ ಮೊದಲ ಬಸ್ಸಿನ ಹಾರ್ನ್ ಕೇಳುತ್ತಿದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೊಂದು ಗಂಡಸರ ಹಳೆಯ ಅಂಗಿ ತೊಟ್ಟ ಪ್ರಭಾವತಿ ಶೆಡ್ತಿ ಗದ್ದೆಯ ಪಕ್ಕದ ತೋಡಿಗಿಳಿದು ನೀರಿಗೆ ಬೆರಳು ಅದ್ದುತ್ತಾರೆ. ಆ ಬೆರಳನ್ನು ನಾಲಗೆಯ ತುದಿಗೆ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಆಮೇಲೆ ಥೂ ಎಂದು ಉಗಿದು, ಸೊಂಟಕ್ಕೆ ಸಿಕ್ಕಿಸಿದ ನೋಟ್‌ಬುಕ್ಕು ತೆಗೆದು ಒಂದೇ ಪದ ಬರೆಯುತ್ತಾರೆ. ಗಂಜಿ.

ಹೌದು, ಗಂಜಿಯೇ. ಪ್ರಭಾವತಿಯವರ ಪುಸ್ತಕದಲ್ಲಿ ನೀರಿನ ಉಪ್ಪಿಗೆ ನಾಲ್ಕು ಮೆಟ್ಟಿಲು. ಗಂಜಿಗೆ ಹಾಕುವಷ್ಟು, ಸಾರಿಗೆ ಹಾಕುವಷ್ಟು, ಉಪ್ಪಿನಕಾಯಿಯಷ್ಟು, ಕೊನೆಗೆ ಕಡಲು. ಗಂಜಿ ಎಂದರೆ ಭತ್ತಕ್ಕೆ ಭಯವಿಲ್ಲ. ಉಪ್ಪಿನಕಾಯಿ ಎಂದರೆ ಮೂರೇ ದಿನದಲ್ಲಿ ಎಲೆಯ ತುದಿ ಕೆಂಪಾಗುತ್ತದೆ. ಕಡಲು ಎಂದು ಬರೆದ ದಿನ ಅವರಿಗೆ ಊಟ ಸೇರುವುದಿಲ್ಲ. ಐದು ವರ್ಷದ ಹಿಂದೆ ಸಾಲಿಗ್ರಾಮದ ಕ್ಷಮಾ ಎಂಬ ಯುವ ಸಂಶೋಧಕಿ ಉಪ್ಪು ಅಳೆಯುವ ಮೀಟರು ಹಿಡಿದುಕೊಂಡು ಬಂದವರು, ಈ ನಾಲಗೆಯನ್ನೊಮ್ಮೆ ಪರೀಕ್ಷೆ ಮಾಡಿಯೇ ಬಿಡೋಣ ಎಂದು ಹನ್ನೆರಡು ಕಡೆ ನೀರು ಅಳೆದರಂತೆ. ಹನ್ನೊಂದು ಕಡೆ ಮೀಟರೂ ನಾಲಗೆಯೂ ಒಂದೇ ಮಾತು ಹೇಳಿದವು. ಹನ್ನೆರಡನೆಯ ಕಡೆ ಮೀಟರಿನ ಬ್ಯಾಟರಿ ಸತ್ತಿತ್ತು.

ದಿನವೂ ಏಳು ಗಂಟೆಯೊಳಗೆ ಪ್ರಭಾವತಿಯವರು ಮೂರು ಕಡೆಯ ನೀರು ನೆಕ್ಕಿ ನೋಡಬೇಕು. ನಲವತ್ತು ಬುಡಗಳ ತೆಂಡೆ, ಎಂದರೆ ಬುಡದಿಂದೊಡೆದ ಕವಲು, ಎಣಿಸಬೇಕು. ಉಪ್ಪುನೀರು ತಡೆಯುವ ಹೊಳೆಯ ಕಟ್ಟಿನ ಹಲಗೆಗಳು ಸರಿಯಾಗಿ ಕೂತಿವೆಯೇ ನೋಡಬೇಕು. ಉಬ್ಬರ ಏರಿದ ಹೊತ್ತು, ಇಳಿದ ಹೊತ್ತು ಬರೆಯಬೇಕು. ಹದಿನಾರು ವರ್ಷದಿಂದ ಇದೇ ಕೆಲಸ. ಇನ್ನೂರು ಪುಟದ ಹದಿನಾಲ್ಕು ನೋಟ್‌ಬುಕ್ಕು ತುಂಬಿವೆ. ಹಳೆಯ ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೆ, ಗೆದ್ದಲಿಗೆ ಬೇವಿನ ಸೊಪ್ಪು ಹಾಕಿ ಇಟ್ಟಿದ್ದಾರೆ.

ಬಿಜೂರಿನಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ನಾವುಂದಕ್ಕೆ ಮದುವೆಯಾಗಿ ಬಂದ ಪ್ರಭಾವತಿಯವರಿಗೆ ಈಗ ನಲವತ್ತೊಂಬತ್ತು. ಗಂಡ ರಾಜೀವ ಶೆಟ್ಟರಿಗೆ ಮುಂಬಯಿಯ ಹೋಟೆಲಿನಲ್ಲಿ ಕೆಲಸ. ಮನೆಯಲ್ಲಿ ಅತ್ತೆ ತುಂಗಾ ಶೆಡ್ತಿ, ಎಪ್ಪತ್ತಾರರ ಗಟ್ಟಿ ಜೀವ. ಈ ಎಣಿಕೆಯ ಕೆಲಸ ಕೈಗೆ ಬಂದದ್ದೂ ಅಕಸ್ಮಾತ್ತು. ಯಾರೋ ಸಂಶೋಧಕರು ಇವರ ಗದ್ದೆಯಲ್ಲಿ ತೆಂಡೆ ಎಣಿಸಲು ಬಂದಿದ್ದರು, ಮೂರನೆಯ ದಿನಕ್ಕೆ ಮಲಗಿಬಿಟ್ಟರು. "ಅವ್ರಿಗ್ ಜ್ವರ ಬಂತ್. ಭತ್ತಕ್ಕೆಂತ ಜ್ವರ ಬಂದಿತ್ತಾ? ಅದ್ ತೆಂಡಿ ಒಡಿತಾ ಇದ್ದಿತ್. ನಾನ್ ಎಣ್ಸ್ದೆ, ಬರ್ದ್ ಇಟ್ಟೆ" ಎನ್ನುತ್ತಾರೆ ಪ್ರಭಾವತಿ, ಅದರಲ್ಲಿ ಹೇಳುವಂಥದ್ದೇನಿದೆ ಎಂಬಂತೆ.

ಹೇಳುವಂಥದ್ದು ಇದೆ. ಆ ಪುಸ್ತಕಗಳ ಅಂಕಿಗಳನ್ನು ಹೊತ್ತುಕೊಂಡು ಹೋದ ವರ್ಷದವರೆಗೆ ಹನ್ನೊಂದು ಸಂಶೋಧನಾ ಪ್ರಸ್ತಾವನೆಗಳು ಕುಂದಾಪುರ, ಬ್ರಹ್ಮಾವರ ದಾಟಿ ದೂರದ ಕಚೇರಿಗಳಿಗೆ ಹೋಗಿವೆ. ನಲವತ್ತು ಪುಟದ ದಪ್ಪ ದಪ್ಪ ಇಂಗ್ಲಿಷು. ಒಂದರಲ್ಲಾದರೂ ಇವರ ಹೆಸರಿದೆಯೇ ಎಂದರೆ, ಇಲ್ಲ. "ಸ್ಥಳೀಯ ಮೂಲಗಳಿಂದ ಮಾಹಿತಿ ಪಡೆಯಲಾಗಿದೆ" ಎಂದು ಒಂದು ಸಾಲು, ಅಷ್ಟೇ. ಕ್ಷಮಾ ಒಮ್ಮೆ ಅದನ್ನು ಕನ್ನಡ ಮಾಡಿ ಓದಿ ಹೇಳಿದಾಗ ಪ್ರಭಾವತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಆ ಸ್ಥಳೀಯ ಮೂಲ ಅಂದ್ರೆ ನಾನೇ ಅಂಬ್ರ್! ನಾನೆಂತ ಬಾವಿಯಾ, ಕೆರಿಯಾ?"

ಆದರೆ ಹೋದ ವರ್ಷ ಇದೇ ಗದ್ದೆಯಲ್ಲಿ ನಡೆದದ್ದನ್ನು ಹೇಳುವಾಗ ಅವರ ಮುಖದಲ್ಲಿ ನಗು ಇರುವುದಿಲ್ಲ.

ಹೊಳೆಬದಿಯ ಈ ತಗ್ಗು ಗದ್ದೆಗಳಿಗೆ ಉಪ್ಪುನೀರು ನುಗ್ಗುವುದು ಹೆಚ್ಚಾಗಿ, ಒಬ್ಬೊಬ್ಬರೇ ಬೇಸಾಯ ಬಿಡುತ್ತಿದ್ದರು. ಉಪ್ಪು ತಡೆಯುವ ಭತ್ತ ಸುತ್ತಲಿನ ಮೂರು ತಾಲೂಕಿನ ಯಾವುದಾದರೂ ಮನೆಯ ಕಣಜದಲ್ಲಿ ಉಳಿದಿದ್ದೀತು, ಅದನ್ನು ಹುಡುಕಿ ಮೂರು ವರ್ಷ ಬೆಳೆದು ನೋಡಬೇಕು ಎಂಬುದು ಕ್ಷಮಾ ಅವರ ಯೋಜನೆ. ಎರಡು ಸಲ ಪ್ರಸ್ತಾವನೆ ಬರೆದು ಕಳಿಸಿದ್ದರು. ಎರಡು ಸಲವೂ "ಆಧಾರ ಸಾಲದು" ಎಂದು ವಾಪಸು ಬಂತು. ಮೂರನೆಯ ಸಲಕ್ಕೆ ಮೇಲಿನವರು ಖಡಾಖಂಡಿತ ಹೇಳಿದ್ದರು. ಉಪ್ಪುನೀರಿನಲ್ಲಿ ಬದುಕಿದ ಭತ್ತದ ಎರಡು ಸಾವಿರ ಕಾಳು ಅರ್ಜಿಯ ಜೊತೆಗೇ ಬರಬೇಕು. ಕಾಳಿಲ್ಲದಿದ್ದರೆ ಅರ್ಜಿಯನ್ನೂ ತರಬೇಡಿ, ನಾವುಂದದ ಕೆಲಸವನ್ನೂ ಮುಚ್ಚಿಬಿಡಿ.

ಸರಿ, ಕ್ಷಮಾ, ಪ್ರಭಾವತಿ ಇಬ್ಬರೂ ಮನೆಮನೆ ತಿರುಗಿ ನಲವತ್ತು ಬಗೆಯ ಹಳೆಯ ಬೀಜ ತಂದು ಸಾಲಾಗಿ ನೆಟ್ಟರು. ಸಾಲುಸಾಲಿಗೆ ಕಾಗದದ ಚೀಟಿ ಕಟ್ಟಿದರು. ಆಗಸ್ಟ್ ಕೊನೆಗೆ ಮಳೆ ಕೈಕೊಟ್ಟಿತು. ಅಮಾವಾಸ್ಯೆಯ ಉಬ್ಬರಕ್ಕೆ ಕಟ್ಟಿನ ಹಲಗೆಯೊಂದು ಮುರಿದು ಹೊಳೆಯ ಉಪ್ಪುನೀರು ಒಳಗೆ ಬಂತು. ಪುಸ್ತಕದಲ್ಲಿ ಒಂಬತ್ತು ದಿನ ಸತತವಾಗಿ "ಉಪ್ಪಿನಕಾಯಿ", ಎರಡು ದಿನ "ಕಡಲು". ನೀರು ಇಳಿದಾಗ ಇಡೀ ಬೈಲು ಸುಟ್ಟ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಸುತ್ತಲಿನ ಗದ್ದೆಗಳೂ ಸತ್ತವು, ಇವರ ಮೂವತ್ಮೂರು ಸಾಲೂ ಪೂರ್ತಿ ಸತ್ತವು. ಉಳಿದ ಏಳು ಸಾಲಿನಲ್ಲಿ ಒಂದೊಂದೇ ಬುಡ ಹಸಿರಾಗಿ ನಿಂತಿತ್ತು! ಕ್ಷಮಾ ಗದ್ದೆಗಿಳಿದು ಏಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರಂತೆ.

ಚೀಟಿಗಳೆಲ್ಲ ನೀರಿಗೆ ಹೋಗಿದ್ದವು. ಆ ಏಳು ಬುಡಗಳಿಗೆ ಏನಾದರೂ ಗುರುತು ಹಾಕಬೇಕಲ್ಲ. ಪ್ರಭಾವತಿಯವರ ಸೊಂಟದಲ್ಲಿ ಮಲ್ಲಿಗೆ ಕಟ್ಟುವ ಬಾಳೆನಾರು ಯಾವತ್ತೂ ಇರುತ್ತದೆ. ಒಂದೊಂದು ಬುಡಕ್ಕೂ ಒಂದೊಂದು ಗಂಟು ಹಾಕಿದರು. ತೆನೆ ಬಂದ ಮೇಲೆ ಎಣಿಸಿದರು. ಮೂವತ್ತೆಂಟು. ಕಾಳು ಬಲಿಯಲು ಇನ್ನು ನಾಲ್ಕು ದಿನದ ಬಿಸಿಲು ಸಾಕು ಎನ್ನುವ ಹೊತ್ತಿಗೆ ನಡುವೆ ಹೊಸ್ತು ಬಂತು.

ಹೊಸ್ತು ಎಂದರೆ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನವರಾತ್ರಿಯ ಹೊತ್ತಿಗೆ ಗದ್ದೆಯ ಹೊಸ ಕದಿರನ್ನು ಬೆಳಕು ಹರಿಯುವ ಮುಂಚೆ ಮನೆಗೆ ತಂದು, ಮಾವು ಹಲಸಿನ ಎಲೆಯ ಜೊತೆ ಬಾಗಿಲಿಗೆ, ತುಳಸಿಕಟ್ಟೆಗೆ, ನೇಗಿಲಿಗೆ, ಈಗೀಗ ಪಂಪಿಗೆ, ರಿಕ್ಷಾಕ್ಕೆ ಸಹ ಕಟ್ಟುವುದು. ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ ಹೊಸ ಅಕ್ಕಿ ಉಣ್ಣುವುದು. ಕಟ್ಟಿದ ಕದಿರೆಂದರೆ ಮನೆಗೆ ಬಂದ ಲಕ್ಷ್ಮಿ, ಮುಂದಿನ ವರ್ಷದವರೆಗೆ ಯಾರೂ ಬಿಚ್ಚುವುದಿಲ್ಲ. ಪ್ರಭಾವತಿಯವರ ಓಣಿಯಲ್ಲಿ ಇನ್ನೂ ಒಂದು ಪದ್ಧತಿ ಇದೆ. ಗದ್ದೆ ಇಲ್ಲದವರ ಮನೆಗೂ ಕದಿರು ಹೋಗಬೇಕಲ್ಲ? ಅದಕ್ಕೆಂದು ಗದ್ದೆಯವರು ಒಂದಿಷ್ಟು ಬುಡಕ್ಕೆ ಬಾಳೆನಾರಿನ ಗಂಟು ಹಾಕಿ ಬಿಡುತ್ತಾರೆ. ಗಂಟು ಕಂಡವರು ಕೇಳದೆ ಕೊಯ್ಯಬಹುದು, ಅದು ಕದಿರಿಗೆ ಬಿಟ್ಟದ್ದು.

ಈಗ ಗೊತ್ತಾಯಿತಲ್ಲ, ಏನಾಗಿರಬಹುದೆಂದು? ಪ್ರಭಾವತಿಯವರಿಗೆ ಗೊತ್ತಾಗಲಿಲ್ಲ. ಇಪ್ಪತ್ತೇಳು ವರ್ಷ ಈ ಓಣಿಯಲ್ಲಿ ಬಾಳಿದವರು, ಆ ಗಂಟನ್ನು ತಾವೇ ಎಷ್ಟೋ ವರ್ಷ ಹಾಕಿದವರು. ಆದರೆ ಆ ಏಳು ಬುಡಕ್ಕೆ ನಾರು ಸುತ್ತುವಾಗ ತಲೆಯಲ್ಲಿ ಇದ್ದದ್ದು ಪ್ರಯೋಗ ಮಾತ್ರ.

ಹೊಸ್ತಿನ ದಿನ ಬೆಳಗ್ಗೆ ಐದಕ್ಕೇ ಮನೆ ಬಿಟ್ಟು ಹೊಳೆಯ ಕಟ್ಟಿಗೆ ಹೋಗಿ ಹೊಸ ಹಲಗೆ ನೋಡಿದರು. ಅಲ್ಲಿಂದ ಗದ್ದೆಗೆ ಬಂದಾಗ ಆರು ಗಂಟೆ. ಮೊದಲ ಬುಡದಲ್ಲಿ ತೆನೆ ಇಲ್ಲ. ಹಂದಿಯೋ ನವಿಲೋ ಎಂದುಕೊಂಡರು. ಎರಡನೆಯದೂ ಬೋಳು. ಮೂರನೆಯದರಲ್ಲಿ ಕತ್ತಿಯ ಗಾಯ ನುಣ್ಣಗೆ ಓರೆಯಾಗಿತ್ತು. ಏಳೂ ಬುಡದ ಹತ್ತಿರ ಓಡಿದರು. ಏಳೂ ಬೋಳು!

"ಎಂತ ಹೇಳುದ್ ಮರಾಯ್ರೆ. ಕಾಲ್ ಕೆಸರಂಗೆ ಹೂತ್ ಹೋಯ್ತ್ ಅಂದೇಳಿ ಮಾಡಿದ್ದೆ. ಕಂಡ್ರೆ ನಾನೇ ಕೂಕಂಡಿದ್ದೆ, ನೀರಂಗೆ."

ಅಷ್ಟರಲ್ಲಿ ನೆನಪಾಯಿತು, ಹೊಸ್ತು. ನೆನಪಾಯಿತು, ಗಂಟು. ತನ್ನ ಕೈಯಾರೆ ಹಾಕಿದ ಗಂಟು! ಎದ್ದವರು ಒದ್ದೆ ಸೀರೆಯಲ್ಲೇ ಓಡಿದ್ದು ನೆರೆಯ ಪದ್ದಣ್ಣನ ಮನೆಗೆ. ಅರವತ್ತೈದರ ಪದ್ದು ಪ್ರತಿವರ್ಷ ಓಣಿಯ ಒಂಬತ್ತು ಮನೆಗೂ ಕದಿರು ಹಂಚುವ ಪುಣ್ಯಾತ್ಮ. ಸ್ನಾನ ಮುಗಿಸಿ, ಹಣೆಗೆ ಗಂಧ ಇಟ್ಟುಕೊಂಡು, ಮುಖ ಅರಳಿಸಿಕೊಂಡು ಅಂಗಳದಲ್ಲೇ ನಿಂತಿದ್ದರು.

"ಹ್ವಾಯ್, ಬಾ ಪ್ರಭಾವತಿ! ಎಂಥಾ ಕದ್ರ್ ಮಾರಾಯ್ತಿ! ಊರೆಲ್ಲ ಭತ್ತ ಸತ್ತ್ ಹೋಯ್ತ್, ಆರೂ ನೀನ್ ಕದ್ರಿಗ್ ಅಂದೇಳಿ ಏಳ್ ಬುಡ ಉಳ್ಸಿ ಗಂಟ್ ಹಾಕಿ ಇಟ್ಟಿದ್ಯಲೆ! ನಾನ್ ಅಲ್ಲೇ ನಿಂತ್ ನಿನ್ನ ಹೆಸರಗೆ ಕೈ ಮುಗ್ದೆ."

"ಪದ್ದಣ್ಣ," ಎಂದರು ಪ್ರಭಾವತಿ. "ಅದ್ ಕದ್ರಿಗಲ್ಲ. ಅದ್ ಪ್ರಪೋಸಲಿಗ್."

ಪದ್ದಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಜಗಲಿಯ ಕಂಬ ಹಿಡಿದುಕೊಂಡರು. "ಅಯ್ಯಬ್ಯಾ! ಒಂಬತ್ತ್ ಮನಿಗೂ ಕೊಟ್ಟಾಯ್ತಲೆ! ಎಲ್ಲ ಕಟ್ಟಿಯೂ ಆಯ್ತಲೆ!" ಎಂದು ಹಣೆ ಚಚ್ಚಿಕೊಂಡರು. ಯಾರ್ಯಾರ ಮನೆಗೆ ಎಷ್ಟೆಷ್ಟು ತೆನೆ ಎಂದು ಬೆರಳು ಮಡಚಿ ಹೇಳತೊಡಗಿದರು. ಪೂರ್ತಿ ಕೇಳುವ ತಾಳ್ಮೆ ಯಾರಿಗಿತ್ತು? ಮೊದಲ ಹೆಸರು ಕಿವಿಗೆ ಬಿದ್ದದ್ದೇ ಪ್ರಭಾವತಿ ಅತ್ತ ಓಡಿದ್ದರು.

ಮೊದಲ ಹೆಸರು ವಿನಯಾ. ಆಚೆ ಮನೆಯ ಸೊಸೆ, ಪ್ರಭಾವತಿಯವರನ್ನು ಅಕ್ಕ ಎಂದು ಕರೆಯುವವಳು. ಆ ಅಕ್ಕ ಬಾಗಿಲಿನ ಕದಿರು ಬಿಚ್ಚಿಕೊಡು ಎಂದಾಗ ವಿನಯಾ ಕೈಯಲ್ಲಿದ್ದ ಹೂವಿನ ತಟ್ಟೆ ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತಳು. "ಕಟ್ಟಿದ್ ಕದ್ರ್ ಬಿಚ್ಚುದಾ ಅಕ್ಕ? ಲಕ್ಷ್ಮೀನ ಹೊರಗ್ ಹಾಕುದಾ? ನಿಮ್ಗ್ ತಲಿ ಸಮ ಇತ್ತಾ? ನಿಮ್ಮನಿದ್ ಬಿಚ್ತ್ರ್ಯಾ ನೀವ್?"

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಪ್ರಭಾವತಿ ಮನೆಯ ಕಡೆ ತಿರುಗಿದರು. ಅಲ್ಲಿಂದ ಮನೆಯವರೆಗಿನ ನೂರು ಹೆಜ್ಜೆಯಲ್ಲಿ ಅವರಿಗೆ ಕಂಡದ್ದು ಕ್ಷಮಾ ಅವರ ಮುಖ. ಅರ್ಜಿ ಕೊಡಲು ಉಳಿದಿರುವುದು ಹತ್ತೇ ದಿನ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಬೈಲು ಇನ್ನು ಹಡಿಲು, ಪಾಳು ಬೀಳುವುದೇ ಸೈ, ಅದೂ ತಾನು ಹಾಕಿದ ಗಂಟಿನಿಂದ. ಒಂದು ಲೋಟ ನೀರು ಕುಡಿಯೋಣ ಎಂದು ಜಗಲಿ ಹತ್ತಿ, ತಲೆ ಎತ್ತಿದರು.

ತಮ್ಮದೇ ಬಾಗಿಲ ಮೇಲೆ, ಮಾವಿನ ಎಲೆಯ ನಡುವೆ, ಐದು ತೆನೆ. ಕೆಳಗೆ ಇಳಿಬಿದ್ದಿತ್ತು ಅವರೇ ಹಾಕಿದ ಬಾಳೆನಾರಿನ ಗಂಟು!

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಗಾದೆ ಹೇಳುವುದು ಸುಲಭ. ಆ ಕೂಸನ್ನು ದೇವರ ಹೆಸರಿನಲ್ಲಿ ಕಟ್ಟಿ ಆಗಿದ್ದರೆ ಏನು ಮಾಡಬೇಕು ಎಂದು ಗಾದೆ ಹೇಳುವುದಿಲ್ಲ. ಪ್ರಭಾವತಿ ಹೊಳೆಯ ಕಟ್ಟಿಗೆ ಹೋಗಿದ್ದಾಗ ಪದ್ದಣ್ಣ ಬಂದು ಕೊಟ್ಟಿದ್ದರು. ಅತ್ತೆ ತುಂಗಾ ಶೆಡ್ತಿಯೇ ಮಡಿಯುಟ್ಟು ಕಟ್ಟಿದ್ದರು. ಈಗ ಒಳಗಿಂದ ಬಂದ ಅತ್ತೆ ಸೊಸೆಯ ಮುಖ ನೋಡಿದರು.

"ಎಂತಾಯ್ತೇ? ಮುಖ ಎಂತಕ್ ಹಾಂಗಿತ್ತ್?"

ಪ್ರಭಾವತಿ ಅಳುತ್ತಾ ಎಲ್ಲವನ್ನೂ ಹೇಳಿದರು. ಉಪ್ಪುನೀರಿನ ಹನ್ನೊಂದು ದಿನ, ಎರಡು ಸಾವಿರ ಕಾಳು, ವಿನಯಾ ಕೇಳಿದ ಮಾತು, ಯಾವುದನ್ನೂ ಬಿಡಲಿಲ್ಲ. ಮುದುಕಿ ಎಲೆಯಡಿಕೆ ಜಗಿಯುತ್ತಾ ಕೇಳಿದರು. ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ, "ಸ್ಟೂಲ್ ತಕಂಬಾ" ಎಂದರು.

"ಅತ್ತೆ! ಬಿಚ್ಚುಕಾಗ ಅಂತ್ರಲೆ?"

"ಮಗಳ್ ತೌರಿಗ್ ಬಂದ್ರೆ ಉಂಡ್ಕಂಡ್ ತಿರ್ಗಿ ಹೋಪುದಿಲ್ಯಾ? ಅದನ್ನ ಹೊರಗ್ ಹಾಕುದ್ ಅಂಬ್ರಾ? ಮನಿಗ್ ಬಂದಾಯ್ತ್, ದೀಪ ಕಂಡಾಯ್ತ್. ಈಗ ಗದ್ದಿಗ್ ಹೋಯ್ಲಿ. ಮುಂದಿನ್ ವರ್ಷ ಅಲ್ಲಿಂದಲೇ ಬರ್ಲಿ."

ಇಷ್ಟು ಹೇಳಿ ಎಪ್ಪತ್ತಾರರ ಅಜ್ಜಿ ತಾವೇ ಸ್ಟೂಲು ಹತ್ತಿ ಗಂಟು ಬಿಚ್ಚಿದರು. ಸೊಸೆ ಸ್ಟೂಲು ಹಿಡಿದುಕೊಂಡು ನಿಂತಿದ್ದರು. ತಲೆಬಾಗಿಲು ಬೋಳಾಯಿತು.

ಆಮೇಲೆ ಅತ್ತೆ ಮುಂದೆ, ಸೊಸೆ ಹಿಂದೆ. ಮುದುಕಿ ಯಾರ ಮನೆಯಲ್ಲೂ ಹೆಚ್ಚು ಮಾತಾಡಲಿಲ್ಲ. "ನಮ್ಮನಿದ್ ಬಿಚ್ಚಿ ಆಯ್ತ್. ನಿಮ್ದೂ ಕೊಡಿ. ನಾಳಿಗ್ ಬಿಜೂರಿಂದ ಬೇರೆ ಕದ್ರ್ ಬತ್ತ್" ಎಂದು ಅಷ್ಟೇ. ವಿನಯಾ ಅಳುಮುಖ ಮಾಡಿಕೊಂಡು, ಮೊದಲು ಕದಿರಿಗೆ ಆರತಿ ಎತ್ತಿ, ಆಮೇಲೆ ಬಿಚ್ಚಿಕೊಟ್ಟಳು. ಪದ್ದಣ್ಣ ತಮ್ಮ ಮನೆಯದನ್ನು ಬಿಚ್ಚಿ ತಟ್ಟೆಯಲ್ಲಿಟ್ಟುಕೊಂಡು ಅಪರಾಧಿಯ ಹಾಗೆ ಹಿಂದೆ ಹಿಂದೆ ನಡೆದರು.

ಒಂದು ಮನೆಯಲ್ಲಿ ಕದಿರು ಕೇಳುವಷ್ಟರಲ್ಲಿ ಲೋಟ ತುಂಬ ಪಾಯಸ ಕೈಗೆ ಬಂತು. ನಾಲ್ಕು ತೆನೆಯನ್ನೂ ಸುಲಿದು ಅದಕ್ಕೇ ಹಾಕಿದ್ದರು! ಪ್ರಭಾವತಿಯವರಿಗೆ 'ಅಯ್ಯೋ' ಎನ್ನಲೂ ಆಗದು, ಹಬ್ಬದ ದಿನ ಬೇಡವೆನ್ನಲೂ ಆಗದು. ಕುಡಿದರು. ಆ ದಿನದ ಪುಟದಲ್ಲಿ ಇವತ್ತಿಗೂ ಇದೆ: "ನಾಲ್ಕು ತೆನೆ, ಪಾಯಸ. ಅಕ್ಕಿ ಕೆಂಪು. ರುಚಿ ಒಳ್ಳೆಯದು."

ಇನ್ನುಳಿದದ್ದು ಓಣಿಯ ರಿಕ್ಷಾದವ ರೂಪೇಶನ ಪಾಲು, ಆರು ತೆನೆ. ಅವನು ಅಷ್ಟನ್ನೂ ತನ್ನ ರಿಕ್ಷಾದ ಮುಂದೆ ಕಟ್ಟಿಕೊಂಡು ಬೈಂದೂರು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದ. ಬಸ್ಸಿನಲ್ಲಿ ಬೆನ್ನಟ್ಟಿ ಹೋದರೆ ಸಾಲಿನಲ್ಲಿ ಇಪ್ಪತ್ತು ರಿಕ್ಷಾ, ಇಪ್ಪತ್ತಕ್ಕೂ ಕದಿರು! ರೂಪೇಶ ಚಾ ಕುಡಿಯಲು ಹೋಗಿದ್ದ, ಗಂಟಿನ ಗುರುತಿನಿಂದಲೇ ಅವನ ರಿಕ್ಷಾ ಸಿಕ್ಕಿತು. ಉಳಿದಿದ್ದವು ಮೂರು, ಮಿಕ್ಕ ಮೂರು ಹೆದ್ದಾರಿಯ ಗಾಳಿಗೆ ಹಾರಿದ್ದವು. "ಅಕ್ಕ, ಗೊತ್ತಿದ್ರೆ ನಾನ್ ರಿಕ್ಷಾ ಹೊರ್ಗೇ ತೆಗಿತಿರ್ಲಿಲ್ಲೆ" ಎಂದು ಅವನು ಕಿವಿ ಹಿಡಿದುಕೊಂಡ.

ಮಧ್ಯಾಹ್ನ ಜಗಲಿಯಲ್ಲಿ ಗೆರಸಿ, ಮೊರಗಳನ್ನು ಹರಡಿಕೊಂಡು ಕೂತರು. ಮೂವತ್ತೊಂದು ತೆನೆ. ಜೊಳ್ಳು ಬೇರೆ ಮಾಡಿ, ಹತ್ತು ಹತ್ತು ಗುಡ್ಡೆ ಹಾಕಿ, ಅತ್ತೆ ಒಮ್ಮೆ, ಸೊಸೆ ಒಮ್ಮೆ, ಪದ್ದಣ್ಣ ಒಮ್ಮೆ ಎಣಿಸಿದರು. ಎರಡು ಸಾವಿರದ ನೂರ ಹದಿನಾಲ್ಕು ಕಾಳು. ಪದ್ದಣ್ಣ ಕಾಳಿಗೇ ಅಡ್ಡಬಿದ್ದರು.

ವಿಷಯ ಕೇಳಿ ಸಾಲಿಗ್ರಾಮದಿಂದ ಓಡೋಡಿ ಬಂದ ಕ್ಷಮಾ, ಕಾಳು ನೋಡಿದ ಮೇಲೆಯೇ ಉಸಿರು ಬಿಟ್ಟರು. ಅಲ್ಲೇ ಕೂತು ಲ್ಯಾಪ್‌ಟಾಪ್ ತೆರೆದು ಪ್ರಸ್ತಾವನೆಯ ಉಳಿದ ಕಲಮುಗಳನ್ನು ತುಂಬತೊಡಗಿದರು. "ಬೀಜದ ಮೂಲ" ಎಂಬಲ್ಲಿ "ನಾವುಂದದ ಪ್ರಯೋಗದ ಗದ್ದೆ, ಏಳು ಬುಡಗಳಿಂದ ಬೇರೆಬೇರೆಯಾಗಿ ಸಂಗ್ರಹ" ಎಂದು ಬರೆದು ಓದಿ ಹೇಳಿದರು. ಪ್ರಭಾವತಿ ಸುಮ್ಮನೆ ಇರಲಿಲ್ಲ.

"ಬೇರೆಬೇರೆ ಎಲ್ಲಿತ್ತ್? ಯಾವ ತೆನಿ ಯಾವ ಬುಡದ್ ಅಂದೇಳಿ ಪದ್ದಣ್ಣಂಗೂ ಗೊತ್ತಿಲ್ಲೆ. ಮತ್ತೆ ಇದ್ ಗದ್ದಿಯಿಂದ ಬಂದದ್ದಲ್ಲ, ಬಾಗ್ಲಿಂದ ಬಂದದ್ದ್. ಹಾಂಗೇ ಬರಿ."

"ಪ್ರಭಕ್ಕ, ಹಾಂಗ್ ಬರ್ದ್ರೆ ನಗಾಡ್ತ್ರ್. ಮೂರ್ನೇ ಸಲವೂ ಬಿದ್ದ್ ಹೋತ್ತ್!"

"ಬೀಳ್ಲಿ. ಹದಿನೈದ್ ವರ್ಷ ಪುಸ್ತಕದಗೆ ಸುಳ್ಳ್ ಬರಿಲಿಲ್ಲೆ ನಾನ್. ಉಪ್ಪಿನಕಾಯಿ ಇದ್ದಲ್ಲಿ ಗಂಜಿ ಅಂದೇಳಿ ಬರ್ದಿದ್ರೆ ನೀನ್ ನನ್ನ ಪುಸ್ತಕ ನಂಬ್ತಿದ್ಯಾ?"

ಕ್ಷಮಾ ಬರೆದದ್ದನ್ನು ಇನ್ನೊಮ್ಮೆ ಓದಿದರು. ಆಮೇಲೆ ಅಳಿಸಿದರು. ಹೊಸದಾಗಿ ಬರೆದರು. ಬೀಜದ ಮೂಲ: ನಾವುಂದದ ಎಂಟು ಮನೆಗಳಲ್ಲಿ ಕಟ್ಟಿದ್ದ ಕದಿರು. ಕೆಳಗೆ ಮನೆಮನೆಯ ಲೆಕ್ಕ. ಪಾಯಸದ ನಾಲ್ಕು, ಹೆದ್ದಾರಿಯ ಮೂರು ಸಹ. ಏಳು ತಳಿ ಎಂದಿದ್ದದ್ದು "ಒಂದು ಮಿಶ್ರಣ" ಎಂದಾಯಿತು. ಹಾಗಾದ ಮೇಲೆ ಯೋಜನೆಯ ಅರ್ಧ ಉದ್ದೇಶಗಳನ್ನೂ ತಿದ್ದಬೇಕಾಯಿತು, ಒಂಬತ್ತು ದಿನ ಹಿಡಿಯಿತು.

ಬ್ರಹ್ಮಾವರದಲ್ಲಿ ನಡೆದ ಪರಿಶೀಲನಾ ಸಭೆಗೆ ಕ್ಷಮಾ ಹಟ ಹಿಡಿದು ಪ್ರಭಾವತಿಯವರನ್ನೂ ಕರೆದುಕೊಂಡು ಹೋದರು. ಆ ಪುಟ ಬಂದಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರಂತೆ. "ಬಾಗಿಲು? ರಿಕ್ಷಾ? ಪಾಯಸ? ಇದೇನು ತಮಾಷೆಯೇ?" ಎಂದರು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ರಭಾವತಿ ಎದ್ದು ಬಂದು, ಚೀಲದಲ್ಲಿ ತಂದಿದ್ದ ನೋಟ್‌ಬುಕ್ಕುಗಳನ್ನೆಲ್ಲ ಮೇಜಿನ ಮೇಲಿಟ್ಟು, ಹೊಸದನ್ನು ತೆರೆದರು.

"ಬೇರೆ ಭತ್ತದ ತೆನೆ ಇದರಲ್ಲಿ ಸೇರಿಲ್ಲ ಎಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದರು ಹಿರಿಯರು.

"ಸೇರುಕೆ ಬೇರೆ ಇದ್ರಲ್ದಾ ಸಾರ್? ಬೈಲಗೆ ಬದ್ಕಿದ್ದೇ ಅಷ್ಟ್. ಬೇರೆ ಇದ್ದಿದ್ರೆ ಪದ್ದಣ್ಣ ಇದನ್ನ ಎಂತಕ್ ಕೊಯ್ತಿದ್ರ್?"

ಹಿರಿಯರು ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡರು. ಪುಟ ತಿರುಗಿಸಿದರು. ಉಪ್ಪಿನಕಾಯಿ, ಉಪ್ಪಿನಕಾಯಿ, ಕಡಲು. ದಿನ ತಪ್ಪದ ಹದಿನೈದು ವರ್ಷ. ಹಳೆಯದೊಂದು ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ನಿಂತರು. ಅವರ ಮುಖದ ಬಣ್ಣವೇ ಬದಲಾದದ್ದನ್ನು ಕ್ಷಮಾ ಈಗಲೂ ಹೇಳುತ್ತಾರೆ. ಎಷ್ಟೋ ವರ್ಷದ ಹಿಂದೆ ತಾವೇ ಓದಿ ಮಂಜೂರು ಮಾಡಿದ್ದ ಒಂದು ಪ್ರಸ್ತಾವನೆಯ ಅಂಕಿಗಳು ಅಲ್ಲಿದ್ದವು, ಅವೇ ದಿನ, ಅವೇ ಎಣಿಕೆ. "ಇದನ್ನು ಬರೆದದ್ದು ನೀವಾ?" ಎಂದರು. ಪ್ರಭಾವತಿ ಹೌದೆಂದು ತಲೆಯಾಡಿಸಿದರು. ಹಿರಿಯರು ಎದ್ದು ನಿಂತು, ತಮ್ಮ ಪಕ್ಕದ ಕುರ್ಚಿಯನ್ನು ಎಳೆದು, ಕೂತುಕೊಳ್ಳಿ ಅಮ್ಮಾ ಎಂದರು.

ಕಾಳು ಮೊಳಕೆ ಪರೀಕ್ಷೆ ಗೆದ್ದಿತು. ಎರಡು ತಿಂಗಳಲ್ಲಿ ಮೂರು ವರ್ಷದ ಯೋಜನೆಗೆ ಒಪ್ಪಿಗೆ ಬಂತು. ಮೊದಲ ಪುಟದಲ್ಲಿ ಕ್ಷಮಾ ಅವರ ಹೆಸರಿನ ಕೆಳಗೆ "ಪ್ರಭಾವತಿ ಶೆಡ್ತಿ, ಕ್ಷೇತ್ರ ದಾಖಲೆ" ಎಂದಿದೆ. ಅದರ ಜೆರಾಕ್ಸ್ ಪ್ರತಿಯನ್ನು ತೋರಿಸಿ ಎಂದರೆ, ಟ್ರಂಕಿನಲ್ಲಿ ಎಲ್ಲೋ ಇದೆ ಎಂದು ಮಾತು ಹಾರಿಸುತ್ತಾರೆ. ತುಂಗಾ ಶೆಡ್ತಿ ಒಳಗಿನಿಂದ ಕೂಗುತ್ತಾರೆ: "ಸುಳ್ಳ್! ದೇವ್ರ ಕೋಣಿಯಗೆ ಇತ್ತ್!"

ಪರೀಕ್ಷೆಗೆ ಕೊಟ್ಟು ಮಿಕ್ಕಿದ ನೂರಾ ಹದಿನಾಲ್ಕು ಕಾಳನ್ನೇ ಸುಗ್ಗಿಯಲ್ಲಿ, ಎರಡನೆಯ ಬೆಳೆಯಾಗಿ, ಬೆಳೆಸಿ ಬೀಜ ಮಾಡಿದ್ದರಿಂದ ಈಗ ಐದು ಸೆಂಟ್ಸಿನಲ್ಲಿ ಆ ಭತ್ತ ನಿಂತಿದೆ. ಊರಿನವರು ಅದಕ್ಕೆ ಇಟ್ಟ ಹೆಸರು ಬಾಗ್ಲ್ ಭತ್ತ. ಪ್ರಯೋಗದ ಬುಡಗಳಿಗೆಲ್ಲ ಹಳದಿ ಪ್ಲಾಸ್ಟಿಕ್ಕಿನ ಗುರುತಿದೆ, ನೀರಿಗೆ ಹೋಗದ ಹಾಗೆ ತಂತಿಯಲ್ಲಿ ಬಿಗಿದದ್ದು. ಒಂದು ಮಾತ್ರ ಬಾಕಿ. ಹೋದ ವರ್ಷ ಮರುದಿನವೇ ಬಿಜೂರಿನ ತೌರಿನಿಂದ ಪ್ರಭಾವತಿ ಕದಿರು ತಂದು ಎಲ್ಲರ ಬಾಗಿಲಿಗೂ ಕೊಟ್ಟರು. ಅತ್ತೆ ತಮ್ಮ ಮನೆಗೆ ಮಾತ್ರ ಕಟ್ಟಿಸಲಿಲ್ಲ. "ನಮ್ಗ್ ಬೇರೆ ಬ್ಯಾಡ. ಹೋದವ್ಳೇ ಬರ್ಲಿ" ಎಂದುಬಿಟ್ಟರು. ವರ್ಷವಿಡೀ ಆ ತಲೆಬಾಗಿಲು ಬೋಳಾಗಿಯೇ ಇದೆ. ಬಂದ ನೆಂಟರು ಮೇಲೆ ನೋಡಿ, ಮಳೆಯ ಮಾತು ತೆಗೆಯುತ್ತಾರೆ.

ನಾಳೆ ಹೊಸ್ತು. ಇವತ್ತಿನ ನೀರು ಗಂಜಿ. ತೆಂಡೆ ಎಣಿಸಿ ಮುಗಿಸಿದ ಪ್ರಭಾವತಿ ಸೊಂಟದಿಂದ ನೆನೆಸಿದ ಬಾಳೆನಾರು ತೆಗೆದು, ಹಳದಿ ಗುರುತಿಲ್ಲದ ಅಂಚಿನ ಸಾಲಿನಲ್ಲಿ ಬಗ್ಗುತ್ತಾರೆ. ಗದ್ದೆಯಂಚಿನ ಮೇಲೆ ಪದ್ದಣ್ಣ ನಿಂತಿದ್ದಾರೆ, ಕೈಯಲ್ಲಿ ಕತ್ತಿ ಇಲ್ಲ.

"ನಾನ್ ಈ ಸರ್ತಿ ಗದ್ದಿಗ್ ಇಳೂದಿಲ್ಲೆ ಮಾರಾಯ್ತಿ. ಬಾಳಿನಾರ್ ಕಂಡ್ರೆ ಎದಿ ಡವಡವ ಅಂತ್ತ್."

"ಹ್ವಾಯ್ ಪದ್ದಣ್ಣ, ಹೆದ್ರ್‌ಬೇಡಿ. ಈ ಗಂಟ್ ನಿಮ್ಗೇ. ನಾಳಿ ಬೆಳಿಗ್ಗೆ ಬಂದ್ ಕೊಯ್ಯಿನಿ. ಮೊದ್ಲ್ ವಿನಯಾನ ಮನಿಗ್ ಕೊಡಿ, ಅವ್ಳ್ ಹೋದ್ ವರ್ಷ ಅತ್ತಿದ್ಳ್. ನಮ್ಮನಿಗ್ ಕಡಿಗ್ ತನ್ನಿ. ಅತ್ತೆ ಸ್ಟೂಲ್ ಒರ್ಸಿ ಇಟ್ಟಾಯ್ತ್."

ಪದ್ದಣ್ಣ ಮೂಗು ಒರೆಸಿಕೊಳ್ಳುತ್ತಾರೆ. "ಎಷ್ಟ್ ತೆನಿ ಬಿಟ್ಟಿದ್ಯೇ?"

ಪ್ರಭಾವತಿ ನೋಟ್‌ಬುಕ್ಕಿನ ಪುಟ ಮಡಚುತ್ತಾ ಹೇಳುತ್ತಾರೆ:

"ಮೂವತ್ತೆಂಟ್."